ನೋಡದ ಮನೆಗೆ ಸಂಚಕಾರ

ಮಗಳಿಗೆ ಗಂಡು ಹುಡುಕುವುದಕ್ಕಿಂತ ಡಬ್ಲಿನ್‌ನಲ್ಲಿ ಬಾಡಿಗೆ ಮನೆ ಹುಡುಕುವುದೇ ಕಷ್ಟ ಎಂದು ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ರಾಜಶೇಖರ ಅವರಿಗೆ ಅನ್ನಿಸಿಬಿಟ್ಟಿತ್ತು. ಮಗಳು ಆರತಿ ನರ್ಸು. ಐರ್ಲೆಂಡ್ ದೇಶದ ಆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು, ವೀಸಾ ಬಂದಿತ್ತು. ಇರಲು ಮಾತ್ರ ಜಾಗವಿಲ್ಲ. ಅಲ್ಲಿಯ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು.

ಅಷ್ಟರಲ್ಲಿ ಫೇಸ್‌ಬುಕ್ಕಿನಲ್ಲಿ ಒಬ್ಬ ಮಾಲೀಕ ಸಿಕ್ಕ. ಹಣೆಯ ತುಂಬ ವಿಭೂತಿ ಇರುವ ಫೋಟೊ. ಮೆಸೇಜಿನ ಮೊದಲಿಗೇ ‘ಶರಣು ಶರಣಾರ್ಥಿ, ನಾನೂ ಧಾರವಾಡದವ’. ಮನೆ ಚೆಂದ, ಬಾಡಿಗೆ ಅಗ್ಗ. ರಾಜಶೇಖರ ಅಲ್ಲೇ ಕರಗಿಹೋದರು.

“ನಮ್ಮ ಪೈಕಿ ಮನಷ್ಯಾ ಅದಾನ. ಇವತ್ತ ಸೋಮವಾರ, ಛಲೋ ದಿನಾ. ಸಂಚಕಾರ ಕಳಿಸಿಬಿಡೂಣು” ಎಂದರು.

ಸಂಚಕಾರವೆಂದು ಮುಂಗಡ ಹಣ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವುದು ಅವರ ಕಸುಬಿನ ಪದ್ಧತಿ. ಕೊಟ್ಟರೆ ಮುಗಿಯಿತು, ಮಾಲು ಬೇರೆಯವರ ಪಾಲಾಗುವುದಿಲ್ಲ.

ಅವತ್ತೇ ಆರತಿಯ ಗೆಳತಿ ವಾಣಿಶ್ರೀ ಮನೆಗೆ ಬಂದಿದ್ದಳು. ಧಾರವಾಡದ ಹತ್ತಿರದ ಮುಗದ ಊರಿನ ಹುಡುಗಿ, ಡಬ್ಲಿನ್‌ನಲ್ಲೇ ನರ್ಸು, ರಜೆಗೆ ಊರಿಗೆ ಬಂದವಳು.

“ಕಾಕಾ, ಮನಿ ಯಾರರ ಹೋಗಿ ನೋಡ್ಯಾರೇನ್ರಿ?”

“ಫೋಟೊ ನೋಡೇನಲ್ಲವಾ.”

“ವಿಡಿಯೊ ಕಾಲ್‌ನ್ಯಾಗ ಬಾಗಲಾ ತಗದ ತೋರ್ಸ ಅನ್ರಿ.”

ಕೇಳಿದ್ದಾಯಿತು. ಮಾಲೀಕ ಬೇರೆ ದೇಶದಲ್ಲಿದ್ದಾನಂತೆ. ರೊಕ್ಕ ಮುಟ್ಟಿದ ಮೇಲೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದಂತೆ. ಕೊನೆಗೊಂದು ಚುಚ್ಚುಮಾತು: ‘ನಂಬಿಕೆ ಇಲ್ಲದಿದ್ದರೆ ಬಿಡಿ, ಬೇರೆಯವರು ಕಾಯುತ್ತಿದ್ದಾರೆ.’ ರಾಜಶೇಖರರ ಮುಖ ಸಣ್ಣದಾಯಿತು.

“ನೋಡವಾ, ಮನಷ್ಯಾಗ ಬ್ಯಾಸರಾತು. ಸಂಜೀ ಅನ್ನೂದ್ರಾಗ ಮನಿ ಕೈ ಬಿಟ್ಟ ಹೋಗ್ತೈತಿ.”

“ಒಂದ ಮಾತ ಕೇಳ್ತೇನ್ರಿ ಕಾಕಾ, ಸಿಟ್ಟಾಗಬ್ಯಾಡ್ರಿ. ಹತ್ತಿ ಅಂಡಿಗಿಯೊಳಗ ಕೈ ಹಾಕಿ, ಎಳಿ ಜಗ್ಗಿ ನೋಡಲಾರ್ದ ನೀವು ಯಾರಿಗರ ಸಂಚಕಾರ ಕೊಟ್ಟೀರೇನ್ರಿ? ಮಾರಾವ್ರು ವಿಭೂತಿ ಹಚ್ಚಿದ್ರ ಹತ್ತಿ ನೋಡೂದ ಬಿಡ್ತೀರೇನು?”

ಆರತಿ ಕಿಸಕ್ಕನೆ ನಕ್ಕಳು. ರಾಜಶೇಖರ ನಗಲಿಲ್ಲ. ಸ್ವಂತ ಅಣ್ಣನ ಹತ್ತಿಯನ್ನೂ ಜಗ್ಗಿ ನೋಡಿಯೇ ಕೊಂಡ ಮನುಷ್ಯ ಅವರು. ರೊಕ್ಕ ಕಳಿಸದೆ ಫೋನು ಕೆಳಗಿಟ್ಟರು.

ವಾಣಿಶ್ರೀ ಮಾಲೀಕ ಕೊಟ್ಟಿದ್ದ ಮನೆಯ ವಿಳಾಸವನ್ನು ಡಬ್ಲಿನ್‌ನ ತನ್ನ ರೂಮಿನ ಗೆಳತಿಗೆ ಕಳಿಸಿ, ಹೋಗಿ ನೋಡಲು ಹೇಳಿದಳು. ಮರುದಿನ ಆಕೆಯ ಫೋನ್ ಬಂತು. ಬಾಗಿಲು ತೆರೆದದ್ದು ಒಬ್ಬ ಮುದುಕಿ. ಅದು ಆಕೆಯ ಸ್ವಂತ ಮನೆ, ಬಾಡಿಗೆಗೆ ಕೊಡುವ ಮಾತೇ ಇಲ್ಲ. ಹಿಂದಿನ ವಾರ ಯಾವುದೋ ದೇಶದ ಹುಡುಗಿಯೊಬ್ಬಳು ಸೂಟ್‌ಕೇಸ್ ಸಮೇತ ಬಂದು, ‘ಈ ಮನೆಗೆ ನಾನು ದುಡ್ಡು ಕಟ್ಟಿದ್ದೇನೆ’ ಎಂದು ಮಳೆಯಲ್ಲೇ ನಿಂತು ಅತ್ತಳಂತೆ.

ರಾಜಶೇಖರ ಮಗಳ ಕಡೆ ನೋಡಿದರು. ಗುರುತಿಲ್ಲದ ಬಾಗಿಲ ಮುಂದೆ ಅಳುತ್ತ ನಿಂತವಳು ಆರತಿಯೇ ಆಗಿದ್ದರೆ?

“ಖರೇನ ತಪ್ಪ ಮಾಡಾಕ ಹೊಂಟಿದ್ದೆ. ಈಗೇನ್ ಮಾಡೂದವಾ?”

“ಮದಲ ಕೆಲವು ವಾರ ಇರಾಕ ಜಾಗಾ ಐತೇನು ಅಂತ ಆಸ್ಪತ್ರಿಯವರಿಗೆ ಕೇಳೂಣ್ರಿ. ಇಲ್ಲಂದ್ರ ನಮ್ಮ ರೂಮಿನ್ಯಾಗ ಇರ್ಲಿ. ಮನಿ ಕಣ್ಣಾರೆ ನೋಡಿ, ಕರಾರು ಓದಿ, ಆಮ್ಯಾಲ ರೊಕ್ಕಾ. ಅದೂ ಬ್ಯಾಂಕಿನ್ಯಾಗ ಕಟ್ಟಿ, ಪಾವತಿ ಚೀಟಿ ತಗೊಂಡು.”

ಆಸ್ಪತ್ರೆಯವರು ತಮ್ಮ ಹಾಸ್ಟೆಲ್‌ನಲ್ಲಿ ಜಾಗ ಕೊಟ್ಟರು. ಆರತಿ ನಿಶ್ಚಿಂತೆಯಿಂದ ವಿಮಾನ ಹತ್ತಿದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮಕ್ಕಳೂ ಪರದೇಶಕ್ಕೆ ಹೊರಟಿದ್ದಾರೆಯೇ? ನಮ್ಮ ಮಾತು ಆಡಿದವರೆಲ್ಲ ನಮ್ಮವರಲ್ಲ. ನಂಬಿಕಸ್ಥರು ಯಾರಾದರೂ ಹೋಗಿ ಮನೆ ನೋಡುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅವಸರ ಮಾಡಿಸುವವರ ಮೇಲೆ ಮೊದಲು ಅನುಮಾನ ಇರಲಿ. ರೊಕ್ಕ ಹೋಗಿಯೇಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರದೆ ಕೂಡಲೇ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಳೆಯಲ್ಲಿ ಅತ್ತ ಆ ಹುಡುಗಿಗೆ ಮೊದಲೇ ಹೇಳುವವರು ಯಾರೂ ಇರಲಿಲ್ಲ. ನಿಮಗೆ ಈಗ ಗೊತ್ತಾಗಿದೆ. ಹೊರಟು ನಿಂತ ಇನ್ನೊಬ್ಬರಿಗೆ ಇವತ್ತೇ ಹೇಳಿ.