ತೋಳಿಗೆ ಕಟ್ಟಿದ ಶಿವದಾರ

ಕೊಂಬೆ ಪುಡಿ ಮಾಡುವ ಯಂತ್ರದ ಸ್ವಿಚ್ ಒತ್ತುವ ಮೊದಲು ಮಹಿಬೂಬ ಒಂದು ಮಾತು ಹೇಳಿದ್ದ: ಕೊರಳಲ್ಲಿ ಏನೂ ನೇತಾಡಬಾರದು. ಟವೆಲ್, ಮಫ್ಲರ್, ಸರ, ಯಾವುದೂ. ಕೊಂಬೆಯನ್ನು ಎಳೆದುಕೊಳ್ಳುವ ಬಾಯಿ ಬಟ್ಟೆಯನ್ನೂ ಹಾಗೇ ಎಳೆದುಕೊಳ್ಳುತ್ತದೆ.

ವಿಶ್ವನಾಥಪ್ಪ ನಿಯಮ ಮೀರುವ ಮನುಷ್ಯನಲ್ಲ. ಭಾಲ್ಕಿಯಿಂದ ಬಂದು ನಾಶಿಕದಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಯಂತ್ರದ ಬಿಡಿಭಾಗ ಮಾರಿದವರು. ಸಡಿಲ ದಾರ ತಿರುಗುವ ಚಕ್ರದ ಹತ್ತಿರ ಹೋದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಫ್ಲರ್ ತೆಗೆದು ಗೇಟಿನ ಮೇಲೆ ಹಾಕಿದರು. ಆದರೆ ಕೊರಳಲ್ಲಿ ಇಷ್ಟಲಿಂಗವಿತ್ತು; ಬಿಳಿ ವಸ್ತ್ರದಲ್ಲಿ ಗಂಟು ಕಟ್ಟಿ ಶಿವದಾರಕ್ಕೆ ಪೋಣಿಸಿದ್ದು. ಅದನ್ನು ಮೈಯಿಂದ ಅಗಲಿಸುವಂತಿಲ್ಲ. ಕೊರಳಲ್ಲಾಗಲಿ ತೋಳಲ್ಲಾಗಲಿ ಧರಿಸಬಹುದು ಎಂದು ಎಂಟನೇ ವಯಸ್ಸಿನಲ್ಲಿ ದೀಕ್ಷೆ ಕೊಟ್ಟ ಸ್ವಾಮಿಗಳು ಹೇಳಿದ್ದರು. ವಿಶ್ವನಾಥಪ್ಪ ದಾರವನ್ನು ಬಲತೋಳಿಗೆ, ಅಂಗಿಯ ಮೇಲೆ, ಎರಡು ಸುತ್ತು ಸುತ್ತಿ ಬಿಗಿದುಕೊಂಡರು. ಯಂತ್ರದ ನಿಯಮವೂ ಉಳಿಯಿತು, ಮನೆಯ ನಿಯಮವೂ ಉಳಿಯಿತು.

ಅದು ಅಂಗಳದ ಮರಗಳನ್ನು ಸವರುವ ಕೆಲಸದ ಎರಡನೇ ದಿನ. ಶಿವರಾತ್ರಿಗೆ ಇನ್ನೂ ಒಂಬತ್ತು ದಿನವಿತ್ತು. ಕಸದ ಗಾಡಿಯವರು ಕೊಂಬೆ ಒಯ್ಯುವುದಿಲ್ಲ, ಸುಟ್ಟರೆ ಓಣಿಯೆಲ್ಲ ಕೆಮ್ಮುತ್ತದೆ. ಹಾಗಾಗಿ ಈ ವರ್ಷ ಕತ್ತರಿಸಿದ್ದನ್ನು ಅಂಗಳದಲ್ಲೇ ಪುಡಿ ಮಾಡಿಸಿ ಗಿಡಗಳ ಬುಡಕ್ಕೆ ಹಾಕುವುದೆಂದು ತೀರ್ಮಾನವಾಗಿತ್ತು. ಮಹಿಬೂಬ ಅಫಜಲಪುರದ ಕಡೆಯವನು. ಮೊದಲು ಸಂಭಾಜಿನಗರದ ಚಿಕಲಠಾಣಾದಲ್ಲಿ ಕಾರ್ಖಾನೆ ಕಟ್ಟುವ ಕೆಲಸದಲ್ಲಿದ್ದ. ಈಗ ಟೆಂಪೊದಲ್ಲಿ ಈ ಯಂತ್ರ ಹಾಕಿಕೊಂಡು ಮನೆಮನೆಗೆ ಹೋಗುತ್ತಾನೆ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಕೊಂಬೆಯವರೆಗೆ ಯಂತ್ರ ನುಂಗುತ್ತಿತ್ತು. ಬರೀ ಹಸಿ ಎಲೆ ತುಂಬಿದರೆ ಗಂಟಲು ಕಟ್ಟುತ್ತದೆಂದು ಅವನು ಎರಡು ಹಸಿ ಕೊಂಬೆಗೆ ಒಂದು ಒಣ ಕೊಂಬೆ ಸೇರಿಸಿ ಕೊಡುತ್ತಿದ್ದ.

ವಿಶ್ವನಾಥಪ್ಪ ಏಣಿ ಹತ್ತಿ ಬಿಲ್ವದ ಮರಕ್ಕೆ ಗರಗಸ ಹಾಕಿದರು. ಅತ್ತ ಮಹಿಬೂಬ ಬೇವು ಹಾಕುತ್ತಿದ್ದಾಗ ಯಂತ್ರದೊಳಗೆ ಒಮ್ಮೆ ಠಕ್ಕೆಂದು ಸದ್ದಾಯಿತು. ಅವನು ನಿಲ್ಲಿಸಿದ, ಬಗ್ಗಿ ನೋಡಿದ, ಮತ್ತೆ ಹಚ್ಚಿದ.

ಬಿಲ್ವ ಕೆಳಗೆ ಬಿದ್ದಾಗ ನಾಗಮ್ಮ ಬಾಗಿಲಿಗೆ ಬಂದು, ಅದನ್ನು ಮಾತ್ರ ಅಲಗಿಗೆ ಕೊಡಬೇಡಿರೆಂದು ಗಂಡನಿಗೆ ಹೇಳಿದರು.

“ಎಲಿ ಅಂದ್ರ ಎಲಿ. ಗೊಬ್ಬರ ಆಗಿ ಗಿಡದ ಬುಡಕ್ಕ ಬಿದ್ರ ಶಿವ ಸಿಟ್ಟಾಗ್ತಾನೇನು?” ಎಂದು ವಿಶ್ವನಾಥಪ್ಪ ಮಹಿಬೂಬನ ಕಡೆ ತಿರುಗಿದರು. “ಎಲ್ಲಾ ಹಾಕಪ್ಪ.”

ಆಮೇಲೆ ಹೊರಸಿನ ಮೇಲೆ ಕಾಲು ಚಾಚಿದರು. ಯಂತ್ರದ ಗುಂಯ್‌ಗುಡುವಿಕೆ ಮೊದಲು ಕಿವಿಯಲ್ಲಿತ್ತು, ಮೆಲ್ಲಗೆ ಎದೆಗೆ ಇಳಿಯಿತು. ಗಾಳಿಯಲ್ಲಿ ಹಸಿರು ವಾಸನೆ ಮಂಜಿನಂತೆ ತೇಲುತ್ತಿತ್ತು. ಬೇವಿನ ಕಹಿ, ದಾಸವಾಳದ ಲೋಳೆ, ಇನ್ನೂ ಹೆಸರು ಸಿಗದ ಯಾವುದೋ ಒಂದು. ಕಣ್ಣು ಮುಚ್ಚಿಯೂ ಅವರಿಗೆ ಹಸಿರೇ ಕಂಡಿತು. ಎಚ್ಚರವಾದಾಗ ಒಂದು ಗಂಟೆ. ಅಂಗಳ ನಿಶ್ಶಬ್ದ. ಮಹಿಬೂಬ ನಾಗಮ್ಮನಿಗೆ ಹೇಳಿ ಹೋಗಿದ್ದ.

ಸ್ನಾನಕ್ಕೆಂದು ಅಂಗಿ ಬಿಚ್ಚುವಾಗ ತೋಳು ಬರಿದಾಗಿತ್ತು.

ಹೊರಸಿನ ಕೆಳಗೆ, ಏಣಿಯ ಬುಡದಲ್ಲಿ, ಮರದ ಸುತ್ತ ನೋಡಿದರು. ಏಣಿ ಹತ್ತಿ ಕೊಂಬೆ ಕೊಂಬೆ ನೋಡಿದರು. ಬಿಲ್ವಕ್ಕೆ ಮುಳ್ಳಿದೆ, ದಾರ ಹಳೆಯದು. ಹೊಸ ದಾರವನ್ನು ನಾಗಮ್ಮ ಬೀದರಿನಿಂದ ತರಿಸಿ ಐದು ತಿಂಗಳಾಗಿತ್ತು; ನಾಳೆ ಬದಲಿಸುತ್ತೇನೆ ಎಂದು ಅವರು ಮುಂದೂಡುತ್ತಲೇ ಬಂದಿದ್ದರು. ಕತ್ತರಿಸಿದ ಕೊಂಬೆಯ ಜೊತೆ ಲಿಂಗವೂ ಹೋಗಿದೆ. ಕತ್ತರಿಸಿದ ಕೊಂಬೆಯನ್ನು ಎಲ್ಲಿ ಹಾಕಬೇಕೆಂದು ಅವರೇ ಹೇಳಿದ್ದರು. ಆ ಠಕ್ ಸದ್ದು ಈಗ ಮತ್ತೆ ಕೇಳಿಸಿತು.

ಲಿಂಗವಿಲ್ಲದೆ ಅನ್ನವಿಲ್ಲ, ನೀರಿಲ್ಲ. ಅದು ಅವರಿಗೆ ಯಾರೋ ಹಾಕಿದ ಶಿಕ್ಷೆಯಲ್ಲ. ಪ್ರತಿ ಊಟಕ್ಕೂ ಮೊದಲು ಅದನ್ನು ಕಣ್ಣಿಗೊತ್ತಿಕೊಂಡು ಅರವತ್ತು ವರ್ಷವಾಗಿತ್ತು. ಒತ್ತಿಕೊಳ್ಳಲು ಏನೂ ಇಲ್ಲದೆ ಲೋಟ ಎತ್ತಲು ಕೈ ಬರಲಿಲ್ಲ. ಮಧ್ಯಾಹ್ನದ ಸಕ್ಕರೆ ಕಾಯಿಲೆಯ ಗುಳಿಗೆ ತಟ್ಟೆಯ ಪಕ್ಕದಲ್ಲೇ ಉಳಿಯಿತು. ನಾಗಮ್ಮ ಮಹಿಬೂಬನಿಗೆ ಮೂರು ಸಲ ಫೋನ್ ಹಚ್ಚಿದರು, ಅವನು ಎತ್ತಲಿಲ್ಲ. ಸಂಭಾಜಿನಗರದಲ್ಲಿದ್ದ ತಮ್ಮ ಸಂಗಮನಾಥನಿಗೆ ಹಚ್ಚಿದರು. ಅಲ್ಲಿಗೆ ಸ್ವಾಮಿಗಳು ಬಂದಿದ್ದಾರೆ, ಹೊಸ ಲಿಂಗ ಕೊಡಿಸಬಹುದು, ಬೆಳಗಿನ ಬಸ್ಸು ಹಿಡಿದರೆ ನಾಲ್ಕು ತಾಸು ಎಂದು ಅವನು ಹೇಳಿದ. ಅಲ್ಲಿಯವರೆಗೆ ಒಂದು ಲೋಟ ನೀರಾದರೂ ಕುಡಿಸು ಎಂದೂ ಹೇಳಿದ.

“ಹೊಸಾದು ಕೊಡ್ತಾರ,” ಎಂದರು ವಿಶ್ವನಾಥಪ್ಪ. “ಅದು ಇದಲ್ಲ.”

ಅವರು ಟಾರ್ಪಾಲಿನ ಮೇಲಿನ ಚೂರಿನ ರಾಶಿಯ ಮುಂದೆ ಕುಳಿತು ಮುಷ್ಟಿ ಮುಷ್ಟಿಯಾಗಿ ಜರಡಿಗೆ ಹಾಕಿದರು. ಲಿಂಗದ ಮೇಲಿನ ಕಂತಿಯೆಂಬ ಕಪ್ಪು ಲೇಪದ ಒಂದು ಚಕ್ಕೆ, ಬಿಳಿ ವಸ್ತ್ರದ ಒಂದು ಎಳೆ, ಏನಾದರೂ ಸಿಕ್ಕೀತೆಂದು. ಮೊಮ್ಮಗಳು ಪ್ರಾಚಿ ಶಾಲೆಯಿಂದ ಬಂದವಳು ಚೀಲ ಕೆಳಗಿಟ್ಟು ಪಕ್ಕದಲ್ಲೇ ಕುಳಿತಳು. ನಿನ್ನೆ ಪುಡಿಯಾದ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದಳು.

“ಆಜೋಬಾ, ಗರಮ ಆಹೇ,” ಎಂದು ಅಜ್ಜನಿಗೆ ಮರಾಠಿಯಲ್ಲಿ ಹೇಳಿದಳು.

ಅವರೂ ಕೈ ಹಾಕಿದರು. ನಿಜವಾಗಿಯೂ ಬೆಚ್ಚಗಿತ್ತು. ಹಸಿ ಚೂರು ಒಂದೇ ದಿನದಲ್ಲಿ ಒಳಗೊಳಗೆ ಕಾಯತೊಡಗುತ್ತದೆಂದು ಮಹಿಬೂಬ ಹೇಳಿದ್ದ. ಹೇಳುವುದು ಬೇರೆ, ಮುಟ್ಟುವುದು ಬೇರೆ. ಮಲಗಿದ ಆಕಳ ಹೊಟ್ಟೆಯ ಮೇಲೆ ಕೈ ಇಟ್ಟಂತಿತ್ತು. ಹಸಿವಿಗೆ ತಲೆ ಹಗುರಾಗಿತ್ತು. ಇಳಿಬಿಸಿಲಲ್ಲಿ ಚೂರುಗಳು ಒಂದೊಂದಾಗಿ ಮಿನುಗಿ ಆರುತ್ತಿದ್ದವು. ಅವರ ಎಡಗೈ ತಾನಾಗಿ ಅಂಗಾತಾಯಿತು, ಪೂಜೆಯಲ್ಲಿ ಲಿಂಗ ಕೂರುವ ಹಾಗೆ. ಖಾಲಿ ಅಂಗೈಯಲ್ಲಿ ಆ ತೂಕ ಇತ್ತು. ದೀಪದ ಕುಡಿ ಲಿಂಗದ ಕಪ್ಪಿನ ಮೇಲೆ ಚುಕ್ಕೆಯಾಗಿ ಮೂಡುವುದೂ, ಚುಕ್ಕೆ ದೊಡ್ಡದಾಗಿ ಅಂಗಳವನ್ನೆಲ್ಲ ತುಂಬುವುದೂ ಕಂಡಿತು. ಪ್ರಾಚಿ ಮೊಣಕೈ ಹಿಡಿದು ಅಲ್ಲಾಡಿಸಿದಾಗ ಚುಕ್ಕೆ ಆರಿತು. ತೂಕವೂ ಹೋಯಿತು. ರಾಶಿ ಮುಗಿದಿತ್ತು, ಜರಡಿಯಲ್ಲಿ ಏನೂ ಉಳಿದಿರಲಿಲ್ಲ. ಬೆಳಗಿನ ಬಸ್ಸಿಗೆ ಚೀಲ ಕಟ್ಟೆಂದು ಹೆಂಡತಿಗೆ ಹೇಳಬೇಕೆನ್ನುವಷ್ಟರಲ್ಲಿ ಫೋನ್ ಬಂತು.

ಮಹಿಬೂಬ. ಟೆಂಪೊ ಓಡಿಸುತ್ತಿದ್ದುದರಿಂದ ಎತ್ತಲಿಲ್ಲ ಎಂದ. ನಾಗಮ್ಮ ಎಲ್ಲ ಹೇಳಿದರು. ಆ ಠಕ್ ಸದ್ದು ಬೇವಿನಲ್ಲಿ ಹುದುಗಿದ್ದ ಹಳೇ ಮೊಳೆಯದು, ಅಲಗಿನಿಂದ ಕಿತ್ತು ತೆಗೆದಿದ್ದೇನೆ ಎಂದ.

“ಅಪ್ಪಾರಿಗೆ ಸಿಟ್ಟ ಬರ್ತದಂತ ಹೇಳಲಿಲ್ರಿ,” ಎಂದ. “ಬಿಲ್ವ ನಾ ಯಂತ್ರಕ್ಕ ಹಾಕೇ ಇಲ್ಲ.”

ತ್ರ್ಯಂಬಕೇಶ್ವರದ ರಸ್ತೆಯ ಬಂಗಲೆಗಳಲ್ಲಿ ಅವನ ಕೆಲಸ ಹೆಚ್ಚು. ಅಲ್ಲಿ ಪ್ರತಿ ಮನೆಯಲ್ಲೂ ಬಿಲ್ವ ಬೇರೆ ಇಡು ಎನ್ನುತ್ತಾರೆ. ಅವನು ಹೊರೆ ಕಟ್ಟಿ ದೇವಸ್ಥಾನದ ಹತ್ತಿರ ಪತ್ರೆ ಮಾರುವ ಹೆಂಗಸರಿಗೆ ಕೊಟ್ಟು ಬರುತ್ತಾನೆ. ಹಾಕು ಎಂದವರು ವಿಶ್ವನಾಥಪ್ಪ ಒಬ್ಬರೇ. ಅವರು ನಿದ್ದೆ ಹೋದದ್ದು ನೋಡಿ ಅವನು ಹೊರೆಯನ್ನು ಟೆಂಪೊಗೆ ಏರಿಸಿದ್ದ. ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಹೊರಳಿ ಬರುತ್ತೇನೆ ಎಂದ.

ಅವನು ಬಂದಾಗ ಸಂಜೆಯ ಬೆಳಕು ಹಳದಿಯಾಗಿತ್ತು. ಹೊರೆಯನ್ನು ಅಂಗಳದಲ್ಲಿಟ್ಟು ಹಗ್ಗ ಬಿಚ್ಚಿದ. ಕೊಂಬೆಗಳು ನಿಟ್ಟುಸಿರಿಟ್ಟಂತೆ ಹರವಿಕೊಂಡವು. ಮೂರನೆಯ ಕೊಂಬೆಯನ್ನು ಎತ್ತುತ್ತಿದ್ದವನು ಹಾಗೇ ನಿಂತುಬಿಟ್ಟ, ಎರಡೂ ಕೈಯಲ್ಲಿ ಕೊಂಬೆ ಹಿಡಿದು. ಎಲೆಗಳ ನಡುವೆ ಮುಳ್ಳಿಗೆ ಸಿಕ್ಕ ದಾರ, ದಾರದ ತುದಿಗೆ ಬಿಳಿ ಗಂಟು, ಮರವೇ ಬಿಟ್ಟ ಕಾಯಿಯ ಹಾಗೆ.

“ನೀವಽ ತಗೋರಿ,” ಎಂದ. “ನಾ ಅಲ್ಲಾಡಂಗಿಲ್ಲ.”

ವಿಶ್ವನಾಥಪ್ಪ ಕೈ ತೊಳೆದು ಬಂದರು. ಗಂಟು ಬಿಡಿಸಿಕೊಳ್ಳುವಷ್ಟು ಹೊತ್ತೂ ಮಹಿಬೂಬನ ಕೈಯಲ್ಲಿದ್ದ ಕೊಂಬೆ ಒಂದಿಷ್ಟೂ ಅಲುಗಲಿಲ್ಲ. ನಾಗಮ್ಮ ಹೊಸ ದಾರ ತಂದರು. ಒಳಗೆ ವಿಶ್ವನಾಥಪ್ಪ ದೀಪ ಹಚ್ಚಿ ಪೂಜೆಗೆ ಕುಳಿತರು, ಎಡ ಅಂಗೈ ತುಂಬಿತು. ಹೊರಗೆ ಬಂದು ಅವರು ಒಂದು ಲೋಟ ನೀರನ್ನು ಬಹಳ ನಿಧಾನವಾಗಿ ಕುಡಿದರು. ಎರಡನೆಯ ಲೋಟವನ್ನು ಮಹಿಬೂಬನಿಗೆ ಕೊಟ್ಟರು.

“ನನ್ನ ಮಾತು ಯಾಕ ಕೇಳಲಿಲ್ಲೋ ನೀ?”

“ಅವ್ವಾರ ಮಾರಿ ನೋಡಿದ್ನಿರಿ,” ಎಂದ ಅವನು.

ನಾಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮರುದಿನ ಅಜ್ಜಿ, ಮೊಮ್ಮಗಳು ಪತ್ರೆ ಬಿಡಿಸಿ ಬುಟ್ಟಿ ತುಂಬಿದರು. ಬರೀ ಕಡ್ಡಿಗಳು ಉಳಿದಾಗ ಅವನ್ನು ಹಾಕಬಹುದೇ ಎಂದು ಮಹಿಬೂಬ ಕೇಳಿದ. ವಿಶ್ವನಾಥಪ್ಪ ಹೆಂಡತಿಯ ಮುಖ ನೋಡಿದರು. ನಾಗಮ್ಮ ತಲೆಯಾಡಿಸಿದ ಮೇಲೆ ತಾವು ಹೂಂ ಎಂದರು. ಯಂತ್ರ ಗುಂಯ್‌ಗುಡತೊಡಗಿತು. ವಿಶ್ವನಾಥಪ್ಪ ಹೊರಸನ್ನು ಯಂತ್ರದಿಂದ ದೂರ, ಗೇಟಿನವರೆಗೆ ಎಳೆದುಕೊಂಡು ಹೋಗಿ ಅಲ್ಲಿಯೇ ಕುಳಿತರು, ಲಿಂಗ ಕೊರಳಲ್ಲಿ, ಅದರ ಮೇಲೆ ಅಂಗೈ. ನಿನ್ನೆ ಹೆಸರು ಸಿಗದ ವಾಸನೆ ಗಾಳಿಯಲ್ಲಿ ಬಂದಾಗ ಅದು ಯಾವುದೆಂದು ಅವರಿಗೆ ಇವತ್ತೂ ತಿಳಿಯಲಿಲ್ಲ. ಕಣ್ಣು ಆಗಲೇ ಮುಚ್ಚಿಕೊಳ್ಳುತ್ತಿತ್ತು, ಕೈ ಮಾತ್ರ ಎದೆಯ ಮೇಲೆ ಎಚ್ಚರವಾಗಿತ್ತು.