ಕರೆಯದೆ ಬರುತ್ತಿದ್ದ ಫೈಲು

ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ, ಕೊತ್ತತ್ತಿ ಕಡೆಯ ಕಿರುನಾಲೆಯೊಂದರಲ್ಲಿ ಕಾಣೆಯಾಗುತ್ತಿದ್ದ ನೀರನ್ನು ನಾನು ಹನ್ನೊಂದು ದಿನ ಹುಡುಕಿ ಹಿಡಿದೆ. ಮೇಲ್ತುದಿಯಲ್ಲಿ ಮೊಣಕಾಲುದ್ದ ಹರಿಯುತ್ತಿದ್ದ ನೀರು ಕೊನೆಯ ಗದ್ದೆಗಳನ್ನು ತಲುಪುವಾಗ ಪಾದ ತೋಯಿಸುವಷ್ಟೂ ಉಳಿಯುತ್ತಿರಲಿಲ್ಲ. ಕಳ್ಳತನವೆಂದು ರೈತರು ಒಬ್ಬರ ಮೇಲೊಬ್ಬರು ಗುದ್ದಲಿ ಎತ್ತಿದ್ದರು. ಆಗ ನೀರಾವರಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದ ನಾನು ಯಾರನ್ನೂ ದೂರದೆ, ಹದಿನಾಲ್ಕು ತೂಬುಗಳನ್ನೂ ಮುಚ್ಚಿಸಿ, ದಿನಕ್ಕೊಂದನ್ನು ಮಾತ್ರ ತೆರೆಸಿ, ಕೋಲು ನೆಟ್ಟು ನೀರಿನ ಮಟ್ಟ ಅಳೆಯುತ್ತ ಹೋದೆ. ಹನ್ನೊಂದನೆಯ ತೂಬು ತೆರೆದ ದಿನ ಮಟ್ಟ ಒಂದು ಗೇಣು ಕುಸಿಯಿತು. ಅದರ ಕಲ್ಲಿನ ಹಿಂದೆ ಏಡಿ ಕೊರೆದ ಬಿಲವಿತ್ತು, ಬಿಲದಾಚೆ ಹಳ್ಳವಿತ್ತು. ಆ ವರ್ಷ ಕೊನೆಯ ಗದ್ದೆಗಳಲ್ಲೂ ನಾಟಿ ನಡೆಯಿತು.

ಇದನ್ನು ಕಳೆದ ಸೋಮವಾರ ಗುತ್ತಲಿನ ಅಂಗಡಿಯೊಂದರಲ್ಲಿ ಸಿದ್ದೀಕಾಳಿಗೆ ಹೇಳುತ್ತಿದ್ದೆ. ಆಕೆ ಮೆಕ್ಯಾನಿಕ್ ಜಹಾಂಗೀರನ ಮಗಳು; ರೈತರ ಪಹಣಿ, ಅರ್ಜಿಗಳ ಕೆಲಸ ಮಾಡಿಕೊಡುವ ಆ ಆನ್‌ಲೈನ್ ಅಂಗಡಿ ನಡೆಸುವವಳು. ನನ್ನ ಬರಹಗಳನ್ನು ಬೆರಳಚ್ಚು ಮಾಡುವವಳೂ ಅವಳೇ. ಅಂದು ಅವಳ ಕಿವಿ ನನ್ನ ಕಡೆ ಇರಲಿಲ್ಲ.

"ನೋಡಿ ತಾತ, ಮತ್ತೆ ಬಂತು," ಎಂದಳು.

ಪರದೆಯ ನಡುವೆ ಒಂದು ಚೌಕ ಎದ್ದು, ಯಾವುದೋ ಫೈಲನ್ನು ಎಲ್ಲಿ ಉಳಿಸಬೇಕೆಂದು ಕೇಳುತ್ತಿತ್ತು. ಬೇಡವೆಂದು ಮುಚ್ಚಿದರೆ ಮುಂದಿನ ಪುಟದಲ್ಲಿ ಪುನಃ ಪ್ರತ್ಯಕ್ಷ. ನಾಲ್ಕು ದಿನಗಳಿಂದ ಇದೇ ಕಾಟ. ಅಂಗಡಿಗೆ ವೈರಸ್ ತಗುಲಿದೆಯೆಂಬ ಮಾತು ಹಬ್ಬಿತ್ತು. ನೀರು ಬಳಕೆದಾರರ ಸಂಘದ ಕಾರ್ಯದರ್ಶಿ ಯತೀಶ್ ಮೂರು ಗಂಟೆಗೆ ಬರುವವನಿದ್ದ. ಈ ಚೌಕ ಅವನ ಕಣ್ಣಿಗೆ ಬಿದ್ದರೆ ಸಂಘದ ವರ್ಷದ ಕೆಲಸವೆಲ್ಲ ಮದ್ದೂರಿನ ಅಂಗಡಿಗೆ ಹೋಗುತ್ತಿತ್ತು. ಸಿದ್ದೀಕಾಳ ಅಂಗಡಿ ನಿಂತಿದ್ದುದೇ ಆ ಕೆಲಸದ ಮೇಲೆ.

"ಎಲ್ಲಾನೂ ಅಳಿಸಿ ಹೊಸದಾಗಿ ಹಾಕ್ಬುಡ್ಲಾ?"

"ವಸಿ ತಡಿಯವ್ವ. ನಾಲೇನೇ ಒಡೆದು ಹಾಕಿದ್ರೆ ತೂತು ಎಲ್ಲಿತ್ತು ಅಂತ ಗೊತ್ತಾದದಾ? ಬೇರೆ ಬ್ರೌಸರ್ ಇದ್ಯಾ?"

ಇತ್ತು. ಅದರಲ್ಲಿ ಅದೇ ಪುಟಗಳನ್ನು ತೆರೆದಳು, ಚೌಕ ಬರಲಿಲ್ಲ. ಹಾಗಾದರೆ ದೋಷವಿರುವುದು ಮೊದಲ ಬ್ರೌಸರಿನೊಳಗೆ ಎಂದಾಯಿತು. ಅದರಲ್ಲೇ ಗುರುತು ಉಳಿಸದ ಇನ್‌ಕಾಗ್ನಿಟೊ ಕಿಟಕಿಯೊಂದನ್ನು ತೆರೆದಾಗಲೂ ಬರಲಿಲ್ಲ.

"ಅಲ್ಲಿ ಎಕ್ಸ್‌ಟೆನ್ಷನ್‌ಗಳು ಕೆಲ್ಸ ಮಾಡಲ್ಲ ತಾತ. ಬ್ರೌಸರ್‌ಗೆ ನಾವು ಅಂಟಿಸಿಕೊಳ್ಳೋ ಸಣ್ಣ ಸಣ್ಣ ಸಲಕರಣೆ."

"ಎಷ್ಟವೆ?"

"ಏಳು."

"ಏಳೂ ಮುಚ್ಚು. ಒಂದೊಂದೇ ತೆಗಿ."

ನನಗೆ ನಲವತ್ತು ವರ್ಷಗಳ ಹಿಂದಿನ ಉತ್ಸಾಹ ಬಂದಿತ್ತು. ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ. ಒಂದು, ಎರಡು, ಮೂರು, ನಾಲ್ಕು ತೆರೆದೆವು. ಪುಟ ನಿರ್ಮಲವಾಗಿತ್ತು. ಐದನೆಯದನ್ನು ತೆರೆದೊಡನೆ ಚೌಕ ಚಂಗನೆ ಎದ್ದಿತು.

"ಸಿಕ್ತು!" ಎಂದು ಸಿದ್ದೀಕಾ ಮೇಜು ಗುದ್ದಿದಳು. "ಇದನ್ನ ನಾನು ಹಾಕೇ ಇಲ್ವಲ್ಲ!"

ಆ ಐದನೆಯದರ ಗುರುತು ಒಂದು ಹಸಿರು ಎಲೆ. ಅದನ್ನು ನೋಡಿ ನನ್ನ ಉತ್ಸಾಹ ಇಂಗಿತು. ಗುರುವಾರ ಅವಳು ಊಟಕ್ಕೆ ಹೋಗಿದ್ದಾಗ, ನನ್ನ ಬರಹವನ್ನು ತೆರೆದು ನೋಡಲು ನಾನೇ ಮೌಸ್ ಹಿಡಿದಿದ್ದೆ. ಅದೇ ಎಲೆಯಿದ್ದ ಪೆಟ್ಟಿಗೆಯೊಂದು 'ಸೇರಿಸಲೇ?' ಎಂದು ಕೇಳಿತ್ತು. ಬದುವಿನ ಮೇಲೆ ನಿಂತು ಕೇಳಿದವನಿಗೆ ಉತ್ತರ ಕೊಡದೆ ಮುಂದೆ ನಡೆಯಬಾರದೆಂಬುದು ನಾಲೆಯ ಮೇಲೆ ದುಡಿದವರ ರೂಢಿ. ಕೇಳಿದ್ದು ಯಾರೆಂದು ವಿಚಾರಿಸದೆ 'ಸೇರಿಸಿ' ಎಂದು ಒತ್ತಿದ್ದೆ.

ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಸಿದ್ದೀಕಾ ಅದನ್ನು ತೆಗೆದುಹಾಕಿದಳು. ಯತೀಶನೂ ಒಳಗೆ ಬಂದ.

"ಏನಮ್ಮ, ನಿನ್ ಭೂತ ಬುಡ್ತಾ?"

"ಬುಡ್ತು ಸಾರ್, ಈಗ್ತಾನೆ."

"ಯಾರ್ ತಂದು ಬುಟ್ಟಿದ್ದು, ಅದ್ ಹೇಳು. ಗೊತ್ತಿಲ್ಲ ಅಂದ್ರೆ ನಾಳೆ ಇನ್ನೊಂದು ಬತ್ತದೆ. ನಮ್ ರೈತ್ರ ಕಾಗ್ದ ಇಲ್ಲಿ ಹೆಂಗ್ ಇಡಾದು?"

ಸಿದ್ದೀಕಾ ತಲೆ ತಗ್ಗಿಸಿದಳು. ನಾನು ಸುಮ್ಮನಿದ್ದಿದ್ದರೆ ನನ್ನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

"ನಾನು ಕಣಪ್ಪ," ಎಂದೆ. "ಅವಳಿಲ್ಲದಾಗ ನಾನು ಒತ್ತಿದ್ದು. ಅವಳ ತಪ್ಪು ಎಳ್ಳಷ್ಟೂ ಇಲ್ಲ."

ಯತೀಶ್ ನನ್ನನ್ನೇ ದಿಟ್ಟಿಸಿದ. ಆಮೇಲೆ ಗೊಳ್ಳೆಂದು ನಕ್ಕ. "ಪುಟ್ಟಸ್ವಾಮಣ್ಣ! ನಾಲೇಲಿ ಏಡಿ ಹಿಡಿದೋರು ಇಲ್ಲಿ ಏಡಿ ಬುಟ್ಟವ್ರೆ!"

ಅವನು ತಾನೇ ಕುಳಿತು ಹತ್ತಾರು ಪುಟ ತೆರೆದು ನೋಡಿದ. ಚೌಕ ಏಳಲಿಲ್ಲ. ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟು ಎದ್ದ. "ಇನ್ಮೇಲೆ ಮೌಸ್ ಯಾರ್ ಕೈಗೂ ಕೊಡ್ಬೇಡ ಕಣಮ್ಮ. ಇವ್ರ್ ಕೈಗಂತೂ ಬ್ಯಾಡ್ವೇ ಬ್ಯಾಡ."

ಅವನು ಹೋದ ಮೇಲೆ ಸಿದ್ದೀಕಾಳ ಬೈಗುಳಕ್ಕೆ ನಾನು ಸಿದ್ಧನಾಗಿಯೇ ಇದ್ದೆ. ಅವಳು ಸಂಘದ ಕಟ್ಟನ್ನು ಬೀರುವಿನೊಳಗಿಟ್ಟು, ಬೀಗ ಹಾಕಿ, ನನ್ನೆದುರಿಗೆ ಸ್ಟೂಲು ಎಳೆದುಕೊಂಡು ಕುಳಿತಳು.

"ತಾತ, ಆ ಹದಿನಾಲ್ಕು ತೂಬಿನ ಕತೆ ಇನ್ನೊಂದ್ಸಲ ಹೇಳಿ. ಆಗ ನಾನು ಸರ್ಯಾಗಿ ಕೇಳಿಸ್ಕೊಳ್ಲೇ ಇಲ್ಲ."