ಹೆಬ್ಬೆರಳ ಬುಡ

ಸೊರಗಿದೆಯೋ ಇಲ್ಲವೋ? ಅಥವಾ ಸೊರಗಿದ್ದು ತನ್ನ ಬೆರಳಿಗೆ ತಿಳಿಯುತ್ತಿಲ್ಲವೋ? ಭಾವನ ಬಲಗೈಯನ್ನು ಮಡಿಲಿನ ಟವೆಲ್ಲಿನ ಮೇಲಿಟ್ಟುಕೊಂಡು ಹೆಬ್ಬೆರಳ ಬುಡದ ಉಬ್ಬನ್ನು ಮೂರನೆಯ ಸಲ ಒತ್ತಿ ನೋಡುತ್ತಿದ್ದ ಅವನಿಗೆ, ಈ ಎರಡರಲ್ಲಿ ಯಾವ ಪ್ರಶ್ನೆ ಮೊದಲು ಕೇಳಿಕೊಳ್ಳಬೇಕು ಎಂದೇ ಗೊತ್ತಾಗಲಿಲ್ಲ. ಕಿಟಕಿಯ ಬೆಳಕು ಓರೆಯಾಗಿ ಬೀಳುವ ಹೊತ್ತು. ಉಬ್ಬಿನ ಮಗ್ಗುಲಲ್ಲಿ, ಚಮಚದ ತುದಿಯಿಂದ ಕೆರೆದು ತೆಗೆದಂತೆ, ಒಂದು ಸಣ್ಣ ತಗ್ಗು. ಹೋದ ವಾರ ಅದು ಇರಲಿಲ್ಲ. ಅಥವಾ ಇತ್ತು.

"ಏನಪ್ಪಾ ಉಜ್ಜಣ್ಣ, ಹಿಟ್ಟು ನಾದ್ತಾ ಇದ್ದೀಯೋ?" ಎಂದ ಭಾವ.

ಗೋಡೆ ಬದಿಯ ಕುರ್ಚಿಯಲ್ಲಿ ಕೂತಿದ್ದ ಅಕ್ಕ ನಕ್ಕಳು. ಆ ಅಡ್ಡಹೆಸರಿಗೆ ಹನ್ನೊಂದು ವರ್ಷ. ಫಿಸಿಯೋಥೆರಪಿ ಓದಿ ಮುಗಿಸಿ ಔಷಧಿ ಅಂಗಡಿಯ ಮೇಲಿನ ಈ ಎರಡು ಕೋಣೆಗಳಲ್ಲಿ ಅವನು ಮಂಚ ಹಾಕಿದ ದಿನ, ಬಂದ ನೆಂಟರೆದುರು ಭಾವ ಇಟ್ಟದ್ದು: "ಓದಿದ್ದು ನಾಲ್ಕೂವರೆ ವರ್ಷ, ಮಾಡೋದು ಉಜ್ಜೋ ಕೆಲಸ." ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಆ ನಗುವನ್ನು ಅವನು ಇವತ್ತಿಗೂ ಜೀರ್ಣಿಸಿಕೊಂಡಿರಲಿಲ್ಲ.

ಭಾವ ಹೆಸರು ಕೆತ್ತುವವನು. ಬಾಗಿಲಿಗೆ ಹಾಕುವ ಹಿತ್ತಾಳೆ ಫಲಕ, ಆಟದಲ್ಲಿ ಗೆದ್ದವರ ಕಪ್ಪು, ನಿವೃತ್ತರಾದವರಿಗೆ ಕೊಡುವ ಗಡಿಯಾರದ ಬೆನ್ನು. ಯಂತ್ರಗಳು ಬಂದ ಮೇಲೂ ಊರಲ್ಲಿ ಕೈಯಿಂದ ಕೆತ್ತುವವನು ಅವನೊಬ್ಬನೇ ಉಳಿದಿದ್ದ. ಉಳಿಯ ಗುಂಡು ಹಿಡಿ ಅಂಗೈಯ ಬುಡಕ್ಕೆ ಒತ್ತಿ ಕೂರುತ್ತದೆ. ತಳ್ಳುವುದು ಅಂಗೈ, ಲಗಾಮು ಹಿಡಿಯುವುದು ಹೆಬ್ಬೆರಳು. ಮೂವತ್ತು ವರ್ಷ ಹಾಗೆ ಒತ್ತಿದ್ದಕ್ಕೆ ಮಣಿಕಟ್ಟು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿತ್ತು. ಅಲ್ಲಿ ಸಣ್ಣ ಮೂಳೆಗಳದ್ದೊಂದು ಕಮಾನು, ಮೇಲೊಂದು ಬಿಗಿಯಾದ ಪಟ್ಟಿ. ಬೆರಳು ಮಡಿಸುವ ಒಂಬತ್ತು ಹುರಿಗಳೂ ಒಂದು ನರವೂ ಅದೇ ಕಿಂಡಿಯಲ್ಲಿ ತೂರಬೇಕು. ಹುರಿಗಳು ಊದಿಕೊಂಡರೆ ನಜ್ಜಾಗುವುದು ನರ. ಮೊದಲು ಜೋಮು, ಆಮೇಲೆ ಉರಿ, ಕೊನೆಗೆ ಹೆಬ್ಬೆರಳ ಬುಡದ ಮಾಂಸವೇ ಕರಗುತ್ತದೆ. ಹಾಗೆ ಕರಗಿದ್ದು ಮತ್ತೆ ತುಂಬುವ ಭರವಸೆ ಕಡಿಮೆ.

ಮೂಳೆ ಡಾಕ್ಟರು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿದ್ದರು: ಆರು ವಾರ ಕೈಚಿಕಿತ್ಸೆ ಮಾಡಿ ನೋಡಿ. ಹೆಬ್ಬೆರಳ ಬುಡ ಸೊರಗುವ ಅಥವಾ ಬಲ ಕುಂದುವ ಲಕ್ಷಣ ಕಂಡರೆ ಒಂದು ದಿನವೂ ಕಾಯದೆ ಆಪರೇಷನ್ನಿಗೆ ಕಳಿಸಿ.

ಕಾಣಬೇಕಾದವನು ಅವನು. ಭಾವನದು ದಪ್ಪ ಕೈ, ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ಸಿಗಬೇಕು. ಮೊದಲ ದಿನ ಇದೇ ಮಂಚದ ಮೇಲೆ ಭಾವ ಕೈ ಚಾಚಿ, "ನೋಡು, ನಿನ್ನ ಕೈಲಿ ಆಗುತ್ತೋ ಇಲ್ಲವೋ ಈಗಲೇ ಹೇಳಿಬಿಡು. ಆಗದಿದ್ರೆ ನಾಚಿಕೊಳ್ಳಬೇಡ, ಕತ್ತರಿ ಹಿಡಿದವರ ಹತ್ತಿರ ಹೋಗ್ತೀನಿ," ಎಂದಿದ್ದ. ಅವನು ಬುಡವನ್ನು ಒತ್ತಿದ್ದ. ಭಾವನಿಗೆ ಹೆಬ್ಬೆರಳು ಮೇಲೆತ್ತಲು ಹೇಳಿ, ತನ್ನ ಹೆಬ್ಬೆರಳಿನಿಂದ ಅದನ್ನು ಕೆಳಕ್ಕೆ ತಳ್ಳಿದ್ದ. ಎರಡೂ ಅಲುಗದೆ ನಿಂತವು. ಸರಿಸಮ. "ಬಲ ಸರಿಯಿದೆ" ಎಂದು ಕಾರ್ಡಿನಲ್ಲಿ ಬರೆದ. "ಆಪರೇಷನ್ ಬೇಡ ಭಾವ. ನಾನೇ ಸರಿ ಮಾಡ್ತೀನಿ," ಎಂದ.

ಆ ದಿನಕ್ಕೆ ಅವನ ಸ್ವಂತ ಬಲಗೈ ಬೆರಳುಗಳಿಗೆ ಜೋಮು ಹಿಡಿದು ಮೂರು ತಿಂಗಳಾಗಿತ್ತು. ಹನ್ನೊಂದು ವರ್ಷ ಪರರ ಬೆನ್ನು, ಭುಜ, ಹಿಮ್ಮಡಿಗಳನ್ನು ಒತ್ತಿದ ಬೆರಳುಗಳು. ತುದಿಗಳಿಗೆ ಹತ್ತಿಯ ಗವಸು ಹಾಕಿದಂತಿತ್ತು. ರಾತ್ರಿ ಕಟ್ಟಿಕೊಳ್ಳಲು ಭಾವನಿಗೆ ಕೊಟ್ಟಂಥದೇ ಮಣಿಕಟ್ಟಿನ ಪಟ್ಟಿ ಅವನ ಮನೆಯ ಕಪಾಟಿನಲ್ಲೂ ಒಂದಿತ್ತು. ಎರಡು ಸೋತ ಹೆಬ್ಬೆರಳುಗಳು ಒಂದನ್ನೊಂದು ತಳ್ಳಿದರೆ ಸರಿಸಮವಾಗಿ ನಿಲ್ಲುತ್ತವೆ ಎಂಬುದು ಅವನಿಗೆ ಆಮೇಲೆ, ಬಸ್ಸಿನ ಕಂಬಿ ಹಿಡಿದು ನಿಂತಿದ್ದಾಗ ಹೊಳೆದಿತ್ತು. ಮರುದಿನ ಫೋನು ಮಾಡಬಹುದಿತ್ತು. ಉಜ್ಜಣ್ಣನಿಗೆ ತನ್ನ ಕೈಯೇ ಗೊತ್ತಿಲ್ಲವಂತೆ ಎಂದು ಭಾವ ಬೀದಿಗೆಲ್ಲ ಹೇಳಿಕೊಂಡು ನಗುವುದು ಕಿವಿಗೆ ಕೇಳಿಸಿತು. ಮಾಡಲಿಲ್ಲ.

ಇವತ್ತು ಐದನೆಯ ವಾರ.

ಅವನು ಭಾವನ ಅಂಗೈಯನ್ನು ಮೇಲ್ಮೊಗ ಮಾಡಿ, ಹೊಸ ಪುಸ್ತಕವನ್ನು ಬಿಡಿಸುವಂತೆ ಎರಡೂ ಹೆಬ್ಬೆರಳಿನಿಂದ ಬುಡವನ್ನು ಇಬ್ಬದಿಗೆ ಎಳೆದ. ಪಟ್ಟಿ ಸಡಿಲಿಸುವ ವಿಧಾನ ಅದು. ಆಮೇಲೆ ಮಣಿಕಟ್ಟಿನ ಮೂಳೆಗಳನ್ನು ಒಂದೊಂದಾಗಿ ಹಿಡಿದು ಹಿಂದೆ ಮುಂದೆ ಜರುಗಿಸಿದ. ಮುಂಗೈಯ ಗಂಟುಗಟ್ಟಿದ ಸ್ನಾಯುಗಳನ್ನು ಮೊಣಕೈವರೆಗೂ ನೀವಿದ. ಕೊನೆಗೆ ತೋಳನ್ನು ಪಕ್ಕಕ್ಕೆ ಚಾಚಿಸಿ, ಬೆರಳುಗಳನ್ನು ಹಿಂದಕ್ಕೆ ಬಾಗಿಸಿ, ಕತ್ತನ್ನು ಆಚೆಗೆ ವಾಲಿಸಲು ಹೇಳಿದ. ನರ ತನ್ನ ದಾರಿಯಲ್ಲಿ ಜಾರಲಿ ಎಂದು.

"ಜೋಮು ಬೆರಳಿಗೆ, ತಿರುಚೋದು ಕತ್ತು," ಎಂದ ಭಾವ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ಕತ್ತಿಂದ ಬೆರಳ ತನಕ ಒಂದೇ ನರ, ಭಾವ."

"ಐದು ವಾರದಿಂದ ಇದೇ ಕತೆ. ನಿನ್ನೆ ಕಪ್ಪಿನ ಮೇಲೆ ಉಳಿ ಜಾರಿ, ಗೆದ್ದವನ ಹೆಸರಿಗೆ ಬಾಲ ಬಂತು. ನಾನು ಒಂದು ಗೆರೆ ತಪ್ಪಿದ್ರೆ ಹಿತ್ತಾಳೆನೇ ಎಸೀಬೇಕು. ನೀನು ತಪ್ಪಿದ್ರೆ, ಇನ್ನೊಂದು ವಾರ ಬನ್ನಿ ಅಂತೀಯ."

"ಸುಮ್ನಿರಿ ಅಂದ್ರೆ," ಎಂದಳು ಅಕ್ಕ. "ಅವನಿಗೂ ಕೆಲಸ ಮಾಡೋಕೆ ಬಿಡಿ."

"ಬಿಟ್ಟಿದ್ದೀನಲ್ಲ. ಕೈ ಕೊಡಿ ಅಂದ, ಕೊಟ್ಟೆ. ಇನ್ನು ಅವನು ಕೈ ಕೊಡದಿದ್ರೆ ಸಾಕು."

ಅವನು ಮೇಜಿನ ಮೇಲಿದ್ದ ಕಾಗದದ ಕ್ಲಿಪ್ಪೊಂದನ್ನು ಬಿಡಿಸಿ, ಎರಡು ತುದಿಗಳೂ ಅಕ್ಕಪಕ್ಕ ಬರುವಂತೆ ಬಗ್ಗಿಸಿದ. ಇದಕ್ಕಾದರೂ ತನ್ನ ಬೆರಳನ್ನು ನಂಬಬೇಕಾಗಿಲ್ಲ. "ಕಣ್ಣು ಮುಚ್ಚಿ ಭಾವ. ಚುಚ್ಚಿದಾಗ ಒಂದು ಮೊನೆಯೋ ಎರಡೋ ಹೇಳಿ."

ಕಿರುಬೆರಳಿಗೆ ಭಾವ ಎರಡು ಎಂದ. ತೋರುಬೆರಳಿಗೆ ಒಂದು. ಹೆಬ್ಬೆರಳಿಗೆ ಒಂದು. ಅವನು ಎಲ್ಲ ಕಡೆಯೂ ಎರಡು ಮೊನೆಗಳನ್ನೇ ಇಟ್ಟಿದ್ದ.

"ಸರಿ ಹೇಳಿದ್ನಾ?"

ಅವನು ಕ್ಲಿಪ್ಪಿನ ಮೊನೆಗಳತ್ತ ನೋಡಿದ. ಆ ನೋಟವನ್ನು ಭಾವ ಹಿತ್ತಾಳೆಯ ಮೇಲಿನ ಗೆರೆಯಂತೆ ಓದಿದ.

"ಇದೆಲ್ಲ ಕಣ್ಕಟ್ಟು. ಯಾರಿಗಾದ್ರೂ ಹಾಗೇ ಅನ್ಸುತ್ತೆ. ತಾ ಇಲ್ಲಿ." ಎಡಗೈಯಲ್ಲಿ ಕ್ಲಿಪ್ಪು ಕಿತ್ತುಕೊಂಡ. "ನಿನ್ನ ಕೈ ಕೊಡು ಈಗ."

"ಬೇಡ ಭಾವ, ಹೊರಗೆ ಇನ್ನೊಬ್ಬರು ಕಾಯ್ತಿದ್ದಾರೆ."

"ಕಾಯಲಿ. ನಾನು ಐದು ವಾರ ಕಾಯ್ಲಿಲ್ವಾ?"

"ಕೊಡೋ, ಏನಾಗುತ್ತೆ," ಎಂದಳು ಅಕ್ಕ, ಮಕ್ಕಳ ಆಟ ನೋಡುವವಳಂತೆ ಕುರ್ಚಿ ಹತ್ತಿರಕ್ಕೆಳೆದುಕೊಂಡು.

ಅವನು ಬಲಗೈ ಚಾಚಿ ಕಣ್ಣು ಮುಚ್ಚಿದ. ಕೆಳಗಿನ ಅಂಗಡಿಯಲ್ಲಿ ಯಾರೋ ಷಟರು ಎಳೆದ ಸದ್ದು. ಬೆರಳ ತುದಿಯಲ್ಲಿ ಹತ್ತಿ.

"ಈಗ?"

"ಎರಡು."

"ಈಗ?"

"ಒಂದು."

ಸ್ವಲ್ಪ ಹೊತ್ತು ಕಳೆಯಿತು. "ಈಗ ಹೇಳು."

ಆಗಲೇ ಒಂದು ಹೇಳಿದ್ದಾಗಿದೆ, ಈಗ ಎರಡಿರಬೇಕು ಎಂದು ಲೆಕ್ಕ ಹಾಕಿದ. "ಎರಡು."

ಅಕ್ಕನ ನಗು ಶುರುವಾಗಿ ಅರ್ಧಕ್ಕೇ ನಿಂತಿತು. ಕಣ್ಣು ತೆರೆದ. ಕ್ಲಿಪ್ಪು ಮೇಜಿನ ಮೇಲಿತ್ತು. ಭಾವ ಎರಡೂ ಕೈಗಳನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡಿದ್ದ.

"ಮೂರು ಸಲಾನೂ ನಾನು ಮುಟ್ಟೇ ಇಲ್ಲ ಕಣೋ," ಎಂದ ಭಾವ. ಆ ಮಾತಿನಲ್ಲಿ ಕುಹಕ ಇರಲಿಲ್ಲ. ಅದು ಇಲ್ಲದ್ದೇ ಅವನನ್ನು ಹೆದರಿಸಿತು. ಭಾವ ತನ್ನ ಅಂಗೈಯನ್ನು ತಿರುಗಿಸಿ ಹೆಬ್ಬೆರಳ ಬುಡವನ್ನು ನೋಡಿಕೊಂಡ. ಎಡಗೈಯನ್ನು ಪಕ್ಕಕ್ಕಿಟ್ಟು ಎರಡನ್ನೂ ಹೋಲಿಸಿದ. ಓರೆ ಬೆಳಕಲ್ಲಿ ಗೆರೆ ನೋಡಿ ನೋಡಿ ಪಳಗಿದ ಕಣ್ಣು.

"ಇಲ್ಲಿ ಹಳ್ಳ ಬಿದ್ದಿದೆ."

"ಹೌದು."

"ಯಾವಾಗಿಂದ?"

"ಇವತ್ತು ಕಂಡಿತು."

"ಹಳ್ಳ ಅಲ್ಲ. ನಿನ್ನ ಕೈ. ಯಾವಾಗಿಂದ?"

ಅಕ್ಕ ತಮ್ಮನ ಮುಖ ನೋಡುತ್ತಿದ್ದಳು. "ಈ ವಾರದಿಂದ," ಎಂದ ಅವನು.

ಭಾವ ಎಡಗೈಯಿಂದ ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳಲು ನೋಡಿದ, ಆಗಲಿಲ್ಲ. ಅಕ್ಕ ಹಾಕಿದಳು. "ಕೈಲಾಗದವನು ಮೈಯೆಲ್ಲ ಪರಚಿಕೊಂಡ ಅಂತಾರೆ," ಎಂದ ಭಾವ, ಎದ್ದು ನಿಂತು. "ನೀನು ನನ್ನ ಮೈ ಪರಚಿದೆ. ಚೀಟಿ ಬರಿ."

ಅವನು ಚೀಟಿ ಬರೆದ. ಪೆನ್ನು ಎರಡು ಸಲ ಬೆರಳಿನಿಂದ ಜಾರಿತು. ಇಬ್ಬರೂ ಅದನ್ನು ನೋಡಿದರು.

ಆಪರೇಷನ್ ನಾಲ್ಕೇ ದಿನದಲ್ಲಿ ಆಯಿತು. ಉರಿ ಹೋಯಿತು, ಜೋಮು ತಿಂಗಳಲ್ಲಿ ಮುಕ್ಕಾಲು ಇಳಿಯಿತು. ಹೆಬ್ಬೆರಳ ಬುಡ ತುಂಬಿಕೊಳ್ಳಲಿಲ್ಲ. ಮೊದಲೇ ಬಂದಿದ್ದರೆ ಎಂದು ಡಾಕ್ಟರು ಶುರು ಮಾಡಿ, ಅಕ್ಕನ ಮುಖ ನೋಡಿ ಮಾತು ಬದಲಿಸಿದರಂತೆ. ನೇರ ಗೆರೆಗಳನ್ನು ಭಾವ ಈಗಲೂ ಎಳೆಯಬಲ್ಲ. ಬಾಗುವ ಕಡೆ ಉಳಿ ಅವನ ಮಾತು ಕೇಳುವುದಿಲ್ಲ. ಬಾಗದ ಅಕ್ಷರ ಎಲ್ಲಿದೆ? ಅಂಗಡಿಗೆ ಯಂತ್ರ ಬಂತು, ಅದನ್ನು ನಡೆಸುವವಳೊಬ್ಬಳು ಬಂದಳು. ಭಾವ ಗಲ್ಲಾಪೆಟ್ಟಿಗೆಯ ಬಳಿ ಕೂತು ಹೆಸರುಗಳನ್ನು ಬರೆದುಕೊಳ್ಳುತ್ತಾನೆ.

ಅವನೂ ಕೈ ಕುಯ್ಯಿಸಿಕೊಂಡ. ಅವನದು ಎಡವಟ್ಟಿಲ್ಲದೆ ಸರಿಹೋಯಿತು. ಬ್ಯಾಂಡೇಜು ಇನ್ನೂ ಇದ್ದಾಗ ಅವನನ್ನು ನೋಡಲು ಬಂದ ಅಕ್ಕ, "ನೀನಾದ್ರೂ ಏನು ಮಾಡ್ತೀಯ, ನಿಂಗೂ ಅದೇ ವಾರ ಬರಬೇಕಿತ್ತಾ," ಎಂದು ತಲೆ ಸವರಿದಳು. ಅವಳು ನಂಬಿದ್ದಳು. ಭಾವ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಉಜ್ಜಣ್ಣ ಎನ್ನಲೂ ಇಲ್ಲ.

"ಒಂದೇ ಮಾತು ಕೇಳ್ತೀನಿ," ಎಂದ. "ಮೊದಲ ದಿನ ಒತ್ತಿ ನೋಡಿದ್ಯಲ್ಲ. ಏನು ಸಿಕ್ತು ನಿನ್ನ ಬೆರಳಿಗೆ?"

ಅವನು ಬ್ಯಾಂಡೇಜಿನ ಅಂಚನ್ನು ನೋಡುತ್ತ ಕೂತ. ಭಾವ ಎಷ್ಟೋ ಹೊತ್ತು ಕಾದು ಮೆಟ್ಟಿಲಿಳಿದು ಹೋದ.

ಮೊದಲ ದಿನವೂ ಬೆರಳಿಗೆ ಹತ್ತಿಯ ಹೊರತು ಏನೂ ಸಿಕ್ಕಿರಲಿಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ.